ನಿಂಬೆಹೋಳು ಕಸಿದುಕೊಂಡ ಟೀಚರ್

ಶಾಲೆಯ ಪ್ರಯೋಗಾಲಯಕ್ಕೆ ಸುಣ್ಣ ಬಳಿಯುವ ಕೆಲಸ ನಮಗೆ ಸಿಕ್ಕಿತ್ತು. ನಮಗೆ ಅಂದರೆ ನನಗೂ ನನ್ನ ಗಂಡನಿಗೂ. ಇವರು ಏಣಿಯ ಮೇಲೆ, ನಾನು ಕೆಳಗೆ. ಪಕ್ಕದ ಕೋಣೆಯಲ್ಲಿ ರಸಾಯನಶಾಸ್ತ್ರದ ಟೀಚರ್ ಮಕ್ಕಳಿಗೆ ಪಾಠ ಮಾಡುತ್ತಿದ್ದರು. ಕಿಟಕಿ ತೆರೆದೇ ಇತ್ತು, ನನ್ನ ಕಿವಿಯೂ ತೆರೆದೇ ಇತ್ತು. ನಾಲ್ಕನೇ ತರಗತಿಗೇ ಶಾಲೆ ಬಿಟ್ಟವಳು ನಾನು. ಹಾಗಂತ ಯಾರಾದರೂ ದಡ್ಡಿ ಅಂದರೆ ಸುಮ್ಮನೆ ಬಿಡುವವಳಲ್ಲ.

ಮೂರೇ ದಿನದಲ್ಲಿ ಆಮ್ಲ, ಪ್ರತ್ಯಾಮ್ಲ ಎರಡೂ ನನಗೆ ನೆರೆಮನೆಯವರಷ್ಟು ಪರಿಚಯವಾದವು. ನಿಂಬೆರಸ ಆಮ್ಲ, ನೀಲಿ ಲಿಟ್ಮಸ್ ಕಾಗದವನ್ನು ಕೆಂಪು ಮಾಡುತ್ತದೆ. ನಮ್ಮ ಸುಣ್ಣದ ನೀರು ಪ್ರತ್ಯಾಮ್ಲ; ಕೆಂಪು ಕಾಗದವನ್ನು ನೀಲಿ ಮಾಡುತ್ತದೆ. ಎರಡೂ ಸೇರಿದರೆ ಒಂದರ ಜೋರನ್ನು ಇನ್ನೊಂದು ಅಡಗಿಸುತ್ತದೆ. ಇದನ್ನು ಕೇಳಿ ನನಗೆ ನಗು ಬಂತು. ಸಂಜೆ ಕೆಲಸ ಮುಗಿದ ಮೇಲೆ ಕೈಗೆ ಅರ್ಧ ನಿಂಬೆಹೋಳು ಉಜ್ಜಿಕೊಳ್ಳುವುದು ನಮ್ಮ ಕಸುಬಿನವರ ಹಳೆಯ ರೂಢಿ.

"ರೀ, ನಿಂಬೆಹಣ್ಣು ಯಾಕೆ ಉಜ್ಜೋದು ಗೊತ್ತಾ?"

"ಸುಣ್ಣ ಹೋಗಲಿ ಅಂತ."

"ಅಲ್ಲ. ತಟಸ್ಥೀಕರಣ!"

"ಅದ್ಯಾವ ಕಾಯಿಲೆನೇ?" ಅಂತ ಇವರು ಏಣಿಯ ಮೇಲಿಂದ ಕಿಚಾಯಿಸಿದರು.

ನಾಲ್ಕನೇ ದಿನ ಬೆಳಿಗ್ಗೆ ಇವರು ಶಾಲೆಯ ಅಂಗಳದಲ್ಲಿ ಸುಣ್ಣದ ಹರಳಿಗೆ ನೀರು ಹುಯ್ಯುತ್ತಿದ್ದರು. ಅದು ಕೊತಕೊತ ಕುದಿದು ಅರಳುವಾಗ ಮುಖ ದೂರ ಇಟ್ಟುಕೊಳ್ಳಬೇಕು. ನನ್ನನ್ನು ರೇಗಿಸುವ ಭರದಲ್ಲಿ ಇವರು ಅದನ್ನು ಮರೆತು ಬಗ್ಗಿದರು. ಸಿಡಿದ ಸುಣ್ಣ ಬಲಗಣ್ಣಿಗೇ ಬಿತ್ತು.

ಕೈಕಾಲು ಆಡಲಿಲ್ಲ ಅಂದರೆ ಸುಳ್ಳಾಗುತ್ತದೆ. ಚೆನ್ನಾಗಿಯೇ ಆಡಿದವು. ಚೀಲದಿಂದ ನಿಂಬೆಹಣ್ಣು ತೆಗೆದು ಕುಯ್ದೆ. ಇವರ ತಲೆಯನ್ನು ಮಡಿಲಿಗೆ ಎಳೆದುಕೊಂಡು ರೆಪ್ಪೆ ಅಗಲಿಸಿದೆ. ಸುಣ್ಣಕ್ಕೆ ಆಮ್ಲ, ಅಷ್ಟೇ ತಾನೆ! ಹಿಂಡಲು ಬೆರಳು ಮಡಚಿದ್ದೆ.

"ಏಯ್, ಬೇಡ!" ಟೀಚರ್ ಓಡಿಬಂದು ನಿಂಬೆಹೋಳು ಕಸಿದು ಎಸೆದರು. "ನೀರು! ಬರೀ ನೀರು! ನಲ್ಲಿ ಹತ್ರ ಕರ್ಕೊಂಡು ನಡಿ!"

ಪ್ರಯೋಗಾಲಯದ ನಲ್ಲಿಯ ಕೆಳಗೆ ಇವರ ತಲೆಯನ್ನು ಓರೆಯಾಗಿ ಹಿಡಿದು ಟೀಚರ್ ನೀರು ಬಿಟ್ಟರು. ರೆಪ್ಪೆ ಮಗುಚಿ, ಅಂಟಿದ್ದ ಚೂರುಗಳನ್ನು ಒದ್ದೆ ಬಟ್ಟೆಯ ತುದಿಯಿಂದ ತೆಗೆದರು. ಇವರು ಒದ್ದಾಡಿದರೂ ಅರ್ಧ ಗಂಟೆ ಬಿಡಲಿಲ್ಲ. ಟೀಚರ್ ಬಟ್ಟೆಯೆಲ್ಲ ತೊಯ್ದು ತೊಪ್ಪೆಯಾಯಿತು.

"ಒಂದನ್ನೊಂದು ಅಡಗಿಸುತ್ತೆ ಅಂತ ನೀವೇ ಹೇಳಿದ್ರಲ್ಲ ಟೀಚರ್?" ಅಳುತ್ತಲೇ ಜಗಳಕ್ಕೆ ನಿಂತೆ.

"ಅದು ಗಾಜಿನ ಲೋಟದಲ್ಲಮ್ಮ, ಕಣ್ಣಲ್ಲಲ್ಲ. ಅಡಗೋವಾಗ ಬಿಸಿ ಹುಟ್ಟುತ್ತೆ. ನಿಂಬೆರಸಾನೂ ಕಣ್ಣಿಗೆ ಕೆಟ್ಟದ್ದೇ. ಎಷ್ಟು ಹನಿ ಸಾಕು ಅಂತ ಅಳೆಯೋರು ಯಾರು?"

ಆಸ್ಪತ್ರೆಗೂ ಟೀಚರ್ ಜೊತೆಗೇ ಬಂದರು. ನೀರು ಬಿಟ್ಟಿದ್ದರಿಂದ ಕಣ್ಣು ಉಳಿಯುವ ಆಸೆ ಇದೆ, ವಾರ ಕಳೆಯಲಿ ಅಂತ ಡಾಕ್ಟರು ಕಣ್ಣಿಗೆ ಪಟ್ಟಿ ಕಟ್ಟಿದರು. ಆ ವಾರವೆಲ್ಲ ನನ್ನ ಬಾಯಿಗೇ ಪಟ್ಟಿ ಕಟ್ಟಿದಂತಿತ್ತು.

ಪಟ್ಟಿ ಬಿಚ್ಚಿ, ಎಡಗಣ್ಣು ಮುಚ್ಚಿಸಿ, "ಏನು ಕಾಣುತ್ತೆ?" ಅಂತ ಡಾಕ್ಟರು ಕೇಳಿದರು. ಇವರು ನನ್ನ ಕಡೆ ತಿರುಗಿ ಬಲಗಣ್ಣು ಕಿರಿದು ಮಾಡಿ ನೋಡಿದರು.

"ಇವಳ ಮೂಗಿನ ಮೇಲೆ ಸುಣ್ಣ ಕಾಣುತ್ತೆ. ಆಸ್ಪತ್ರೆಗೆ ಬರೋವಾಗಲಾದ್ರೂ ಮುಖ ತೊಳ್ಕೋಬಾರದೇನೇ?"

ಅಲ್ಲಿಂದ ಸೀದಾ ಶಾಲೆಗೆ ಹೋದೆ. ಟೀಚರ್ ಪಾಠ ನಿಲ್ಲಿಸಿದರು. "ಅರ್ಧ ಪಾಠ ಹೇಳಿ ಬಿಟ್ಟಿದ್ದು ನಾನು. ಉಳಿದರ್ಧ ನೀನೇ ಹೇಳಮ್ಮ" ಅಂತ ನನ್ನನ್ನು ಹಲಗೆಯ ಮುಂದೆ ನಿಲ್ಲಿಸಿ, ತಾವು ಹಿಂದಿನ ಬೆಂಚಿನಲ್ಲಿ ಕೂತರು.

ಹೇಳಿದೆ. ನಿಂಬೆಹಣ್ಣು ಕುಯ್ದದ್ದನ್ನೂ ಬೆರಳು ಮಡಚಿದ್ದನ್ನೂ ಬಚ್ಚಿಡಲಿಲ್ಲ. "ಒಂದು ಕ್ಷಣ ತಡವಾಗಿದ್ರೆ ಆ ಕಣ್ಣನ್ನ ನಾನೇ ಕಳೀತಿದ್ದೆ. ಕಣ್ಣಿಗೆ ಏನೇ ಬಿದ್ರೂ ನೀವು ಮೊದಲು ನೀರಿಗೆ ಓಡಿ" ಅಂದೆ.

ಆಮೇಲೆ ಹಿಂದಿನ ಬೆಂಚಿಗೆ ಹೋಗಿ ಟೀಚರ್ ಕೈಗಳೆರಡನ್ನೂ ಹಿಡಿದುಕೊಂಡೆ. ಅರ್ಧ ಗಂಟೆ ನನ್ನ ಗಂಡನ ತಲೆ ಹೊತ್ತ ಕೈಗಳವು. ಗಂಟೆ ಬಾರಿಸಿದರೂ ಬಿಡಲು ಮನಸ್ಸು ಬರಲಿಲ್ಲ.