ಹಲ್ಕಾ ಕೆಲಸ

ನನ್ನ ಬಾಯಿ ಜೋರು ಎಂದು ದಿವಾದ ನಮ್ಮ ಚಾಳಿನವರೆಲ್ಲ ಹೇಳುತ್ತಾರೆ. ಹೇಳಲಿ. ಗಂಡನಿಗೆ ಬಾಯಿ ಎಂಬುದೇ ಇಲ್ಲದಿದ್ದ ಮೇಲೆ ಮನೆಯಲ್ಲಿ ಒಬ್ಬರಿಗಾದರೂ ಬೇಡವೇ? ನನ್ನ ಗಂಡ ದೇಜಪ್ಪನವರಿಗೆ ಡೊಂಬಿವಲಿಯಲ್ಲಿ ಬಕೆಟು, ಮಗ್ಗು ಮಾಡುವ ಕಾರ್ಖಾನೆಯಲ್ಲಿ ಕೆಲಸ. ಪ್ಲಾಸ್ಟಿಕ್ ಕಾಳಿನ ಗೋಣಿ ಹೆಗಲಿಗೇರಿಸಿ, ಕಬ್ಬಿಣದ ಏಣಿ ಹತ್ತಿ, ಮಷೀನಿನ ತಲೆಯ ಮೇಲಿರುವ ಡಬ್ಬಕ್ಕೆ ಸುರಿಯಬೇಕು. ಇಳಿಯಬೇಕು, ಮತ್ತೆ ಹೊರಬೇಕು. ವರ್ಷಗಟ್ಟಲೆ ಹೀಗೆ ಮಾಡಲು ಸೊಂಟವೇನು ಕಲ್ಲಿನದೇ?

ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲಾಗಲಿಲ್ಲ. ಬೆನ್ನೆಲುಬಿನ ನಡುವಿನ ಗಾದಿ ಜರುಗಿದೆ, ಇನ್ನು ಭಾರ ಎತ್ತಿದರೆ ಕಾಲೇ ಹೋದೀತು, ಮಾಡಿದರೆ ಬರೀ "ಹಲ್ಕಾ ಕಾಮ್" ಎಂದರು ಕಲ್ಯಾಣದ ಡಾಕ್ಟರು. ಹಗುರದ ಕೆಲಸ ಎಂದು ಅವರ ಅರ್ಥ. ನಮ್ಮಲ್ಲಿ ಹಲ್ಕಾ ಎಂದರೆ ನೀಚ. ಆ ನೋವಿನಲ್ಲೂ ಇವರಿಗೆ ನಗು.

"ಇಷ್ಟು ವರ್ಷ ಮರ್ಯಾದೆಯಲ್ಲಿದ್ದೆ. ಇನ್ನು ಹಲ್ಕಾ ಕೆಲಸ ಮಾಡ್ಬೇಕಂತೆ ಮಾರಾಯ್ತಿ!"

ಅಷ್ಟರಲ್ಲಿ ಕಾರ್ಖಾನೆಯ ಸೇಠ್ ಅಗ್ಗದಲ್ಲಿ ಒಂದು ಹೀರುವ ಮಷೀನ್ ತಂದ. ಗೋಣಿ ನೆಲದಲ್ಲೇ ಇರುತ್ತದೆ. ಪೈಪು ತೂರಿಸಿ ಸ್ವಿಚ್ ಒತ್ತಿದರೆ ಕಾಳು ತಾನಾಗಿ ಮೇಲೇರುತ್ತದೆ. ದೇವರು ಕಣ್ಣು ಬಿಟ್ಟ ಎಂದು ಖುಷಿಯಲ್ಲಿ ತೆಂಗಿನಕಾಯಿ ಒಡೆದೆ. ಆದರೆ ಸ್ವಿಚ್ ಒತ್ತಲು ಒಬ್ಬ ಸಾಕಲ್ಲ. ಸೇಠ್ ಇಟ್ಟುಕೊಂಡದ್ದು ಇವರ ಜೊತೆಗಾರ ಪೂವಪ್ಪನನ್ನು. ಇವರಿಗೆ ಮನೆಯಲ್ಲೇ ಆರಾಮ ಮಾಡಲು ಹೇಳಿ ಕಳಿಸಿದ.

ನನ್ನ ನೆತ್ತಿಗೇರಿತು. ದಿವಾದಲ್ಲಿ ಆಗ ಫಾಸ್ಟ್ ಲೋಕಲ್ ರೈಲು ನಿಲ್ಲುತ್ತಿರಲಿಲ್ಲ. ಸ್ಲೋ ಗಾಡಿಯ ನೂಕಾಟದಲ್ಲೇ ಇವರನ್ನು ಎಳೆದುಕೊಂಡು ಕಾರ್ಖಾನೆಗೆ ಹೋದೆ. ಸೂಪರ್‌ವೈಸರ್ ತಾರಾನಾಥ ಕಾರ್ಕಳದ ಕಡೆಯವನು, ನಮ್ಮವನೇ.

"ಸ್ವಿಚ್ ಒತ್ಲಿಕ್ಕೆ ಪೈಲ್ವಾನ್ ಯಾಕೆ ತಾರಾನಾಥಣ್ಣ? ಬೆನ್ನು ಹೋದವರಿಗೇ ಅಲ್ವಾ ಆ ಮಷೀನ್ ಬೇಕಾದ್ದು?"

"ಸಸ್ತಾ ಮಾಲ್ ಅಕ್ಕಾ ಅದು. ಮಳೆಗಾಲದಲ್ಲಿ ಕಾಳು ತೇವ ಆದ್ರೆ ಪೈಪ್ ಜಾಮ್. ಆಗ ಗೋಣಿ ಹೊರೋದು ಯಾರು? ಸೇಠ್ ಅದನ್ನೇ ಕೇಳ್ತಾರೆ."

"ಡಾಕ್ಟ್ರು ಹಲ್ಕಾ ಕೆಲಸ ಕೊಡಿ ಅಂದ್ರು. ನೀವು ಮಾಡ್ತಾ ಇದ್ದೀರಲ್ಲ, ಇದು ಹಲ್ಕಾ ಕೆಲಸ!"

ಗಲಾಟೆ ಕೇಳಿ ಸೇಠ್ ಕ್ಯಾಬಿನ್ನಿನಿಂದ ಹೊರಬಂದ. "ಮನಿಪಂದೆ ಕುಲ್ಲು" ಎಂದು ಇವರು ತುಳುವಿನಲ್ಲಿ ನನ್ನ ಬಾಯಿ ಮುಚ್ಚಿಸಿದರು. ಮದುವೆಯಾದ ಮೇಲೆ ನನ್ನನ್ನು ಗದರಿದ್ದು ಅದೇ ಮೊದಲು. ಆಮೇಲೆ ಸೇಠ್ ಕಡೆ ತಿರುಗಿ, "ಮೈ ಉಠಾ ಸಕ್ತಾ ಹೂಂ", ನಾನು ಎತ್ತಬಲ್ಲೆ, ಎಂದರು.

"ಉಠಾ ಕೆ ದಿಖಾ", ಎತ್ತಿ ತೋರಿಸು, ಎಂದ ಸೇಠ್.

ನಾನು ಅಂಗಿ ಹಿಡಿದೆಳೆದೆ. ಕೈ ಬಿಡಿಸಿಕೊಂಡರು. "ಬೇಡ ದೇಜಪ್ಪಣ್ಣ" ಎಂದು ಪೂವಪ್ಪ ಅಡ್ಡ ಬಂದ. ಅವನನ್ನೂ ಸರಿಸಿದರು. ಗೋಣಿ ಹೆಗಲಿಗೆ ಹೋಯಿತು. ಒಂದೊಂದು ಮೆಟ್ಟಿಲಿಗೂ ನಿಂತು, ಹಲ್ಲು ಕಚ್ಚಿ ಹತ್ತಿದರು. ಮೇಲೆ ನಿಂತು ಗೋಣಿಯ ಬಾಯಿ ಬಿಚ್ಚಿ ಸುರಿದರು. ಅರ್ಧ ಸುರಿಯುವಾಗ ಒಮ್ಮೆ "ಹಾ" ಎಂದರು, ಅಷ್ಟೇ. ಉಳಿದದ್ದನ್ನೂ ಸುರಿದು ಕಂಬಿ ಹಿಡಿದು ಇಳಿದರು.

"ಠೀಕ್ ಹೈ. ಕಲ್ ಸೆ ಮಷೀನ್ ಪೆ ತೂ" ಎಂದು ನಾಳೆಯಿಂದ ಮಷೀನಿನ ಕೆಲಸ ಇವರಿಗೇ ಕೊಟ್ಟು ಸೇಠ್ ಒಳಗೆ ಹೋದ. ಪೂವಪ್ಪ ತಲೆ ತಗ್ಗಿಸಿ ನಿಂತ.

ಇವರ ಮುಖದ ತುಂಬ ಬೆವರು, ನಗು. "ನೋಡಿದ್ಯಾ? ನೋವೇ ಇಲ್ಲ ಈಗ. ಸೊಂಟದಿಂದ ಕೆಳಗೆ ಏನೂ ಗೊತ್ತಾಗ್ತಾ ಇಲ್ಲ."

ನಾನು ಕೆಳಗೆ ನೋಡಿದೆ. ಖಾಕಿ ಪ್ಯಾಂಟು ತೊಡೆಯಿಂದ ಪಾದದವರೆಗೆ ಒದ್ದೆಯಾಗಿ, ಚಪ್ಪಲಿಯ ಸುತ್ತ ಉಚ್ಚೆ ನಿಂತಿತ್ತು. ಇವರಿಗೆ ಅದರ ಅರಿವೇ ಇರಲಿಲ್ಲ. ಅಯ್ಯೋ ದೇವರೇ! ಯಾರೂ ನೋಡದ ಹಾಗೆ ಸೆರಗು ಹರಡಿ ಇವರ ಮುಂದೆ ನಿಂತುಬಿಟ್ಟೆ.

"ಅಡ್ಡ ಯಾಕೆ ನಿಂತಿದ್ದಿ? ನಾಳೆ ಎಷ್ಟೊತ್ತಿಗೆ ಬರೋದು ಅಂತ ಕೇಳಿ ಬರ್ತೇನೆ, ಆಚೆ ಸರಿ" ಎಂದು ಇವರು ಹೆಜ್ಜೆ ಎತ್ತಲು ಹೋದರು. ಕಾಲು ಏಳಲಿಲ್ಲ.