ಹೂಳದೆ ಕಾದವರು

ಲೋರ್ನಾಳ ತಾಯಿ ತೀರಿಕೊಂಡು ವಾರ ಕಳೆದಿತ್ತು. ಇನ್ನೂ ಮಣ್ಣು ಮಾಡಿರಲಿಲ್ಲ. ಫಿಲಿಪ್ಪೀನ್ಸಿನ ಅವಳ ಊರಿನಲ್ಲಿ ಅದು ವಾಡಿಕೆ. ಹೊರದೇಶದಲ್ಲಿ ದುಡಿಯುವ ಮಕ್ಕಳು ಬಂದು ಮುಖ ನೋಡುವ ತನಕ ಹೆಣಕ್ಕೆ ಕೆಡದಂತೆ ಮದ್ದು ಹಾಕಿಸಿ, ಪೆಟ್ಟಿಗೆಯನ್ನು ನಡುಮನೆಯಲ್ಲಿಟ್ಟು ಕಾಯುತ್ತಾರೆ. ನೆರೆಹೊರೆಯವರು ಬಂದು ಕೂರುತ್ತಾರೆ, ಇಸ್ಪೀಟು ಆಡುತ್ತಾರೆ, ಗಂಜಿ ಕುಡಿಯುತ್ತಾರೆ, ಎದ್ದು ಹೋಗುವಾಗ ಯುರೋಪಿನವಳು ಯಾವತ್ತು ಬರುತ್ತಾಳೆಂದು ಕೇಳುತ್ತಾರೆ. ಕಾಯುವ ಖರ್ಚೆಲ್ಲ ಆ ಯುರೋಪಿನವಳದೇ.

ಯುರೋಪಿನವಳು, ಅಂದರೆ ಲೋರ್ನಾ, ನೆದರ್ಲೆಂಡ್ಸಿನ ಆಮ್ಸ್ಟೆಲ್‌ವೀನಿನಲ್ಲಿ ನಾಲ್ಕಾರು ಮನೆಗಳನ್ನು ಗುಡಿಸಿ ಒರೆಸುತ್ತಿದ್ದಳು. ಅಲ್ಲಿ ಇರಲು ಅವಳಿಗಿದ್ದ ಪರ್ಮಿಟ್ ಮುಗಿದು ಎಷ್ಟೋ ವರ್ಷವಾಗಿತ್ತು. ಒಮ್ಮೆ ವಿಮಾನ ಹತ್ತಿದರೆ ಮತ್ತೆ ಈ ದೇಶದೊಳಕ್ಕೆ ಕಾಲಿಡುವಂತಿಲ್ಲ. ಊರಿನಲ್ಲಿ ತಮ್ಮ ರೊಮೆಲ್‌ನ ಸಂಸಾರ, ನರ್ಸಿಂಗ್ ಓದುತ್ತಿದ್ದ ತನ್ನ ಮಗಳು, ಎಲ್ಲರ ಅನ್ನವೂ ಇವಳು ಕಳಿಸುವ ದುಡ್ಡಿನಲ್ಲೇ ಬೇಯಬೇಕು. ಆದರೆ ಪರ್ಮಿಟ್ಟಿನ ಸಂಗತಿಯನ್ನು ಅವಳು ಮನೆಯವರಿಗೆ ಹೇಳಿರಲೇ ಇಲ್ಲ. ರಜೆ ಸಿಗಲಿಲ್ಲ ಎನ್ನುತ್ತ ಹನ್ನೊಂದು ಕ್ರಿಸ್‌ಮಸ್ ತಳ್ಳಿದ್ದಳು. ಈಗ ಸಾವಿಗೂ ಒಂದು ನೆಪ ಬೇಕಾಯಿತು. ಟಿಕೆಟ್ ದುಬಾರಿ, ದುಡ್ಡು ಹೊಂದಿಸುತ್ತಿದ್ದೇನೆ ಎಂದು ದಿನವೂ ಫೋನಿನಲ್ಲಿ ಹೇಳುತ್ತಿದ್ದಳು. ಹೆತ್ತವಳ ಹೆಣ ಮುಂದಿಟ್ಟುಕೊಂಡು ಸುಳ್ಳು ಹೇಳುವ ಪಾಡು ಶತ್ರುವಿಗೂ ಬೇಡ.

ಅವಳ ಊದಿದ ಕಣ್ಣು ನೋಡಿ, ಅವಳು ಕೆಲಸ ಮಾಡುವ ಮನೆಗಳಲ್ಲೊಂದರ ಯಜಮಾನಿ, ಧಾರವಾಡದ ಸೌಜನ್ಯಾ ಏನೆಂದು ಕೇಳಿದಳು. ಲೋರ್ನಾ ಅದೇ ಟಿಕೆಟ್ಟಿನ ಕಥೆ ಹೇಳಿದಳು. ಸೌಜನ್ಯಾಗೆ ತನ್ನದೇ ಸಂಗತಿ ನೆನಪಾಯಿತು. ತನ್ನ ಅಪ್ಪ ಹೋದಾಗ ಅವಳು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದುಹೋಗಿತ್ತು. ಗಂಡ ಆಫೀಸಿನಿಂದ ಬಂದದ್ದೇ ತಡ, ಮಾತು ತೆಗೆದಳು.

"ಏನ್ರೀ, ಆಕಿ ಅವ್ವನ್ನ ಇನ್ನೂ ಇಟ್ಕೊಂಡು ಕುಂತಾರಂತ. ನನಗಂತೂ ಅಪ್ಪನ ಮಾರಿ ನೋಡಾಕ ಸಿಗಲಿಲ್ಲ, ಆಕಿಗರ ಸಿಗಲಿ. ಟಿಕೆಟ್ ನಾವ ತಗಸೂಣು."

"ಆತು ತಗೊ," ಎಂದ ಶಶಿಕಾಂತ.

ಮರುದಿನ ಲೋರ್ನಾ ಅಡುಗೆಮನೆ ಒರೆಸುತ್ತಿದ್ದಾಗ ಸೌಜನ್ಯಾ ಲ್ಯಾಪ್‌ಟಾಪ್ ತಂದಿಟ್ಟಳು. ನಾಳೆಯ ವಿಮಾನ, ದುಡ್ಡಿನ ಚಿಂತೆ ಬೇಡ, ಪಾಸ್‌ಪೋರ್ಟ್ ನಂಬರ್ ಹೇಳಿದರೆ ಸಾಕು ಎಂದಳು.

ಇದ್ದ ಒಂದು ನೆಪವನ್ನೂ ಈ ಪುಣ್ಯಾತ್ಗಿತ್ತಿ ಕಿತ್ತುಕೊಂಡಿದ್ದಳು. ಲೋರ್ನಾ ಒದ್ದೆ ನೆಲದ ಮೇಲೆಯೇ ಕೂತುಬಿಟ್ಟಳು.

"ಹೋದ್ರೆ ವಾಪಸ್ ಬರೋಕಾಗಲ್ಲ ಮ್ಯಾಮ್. ನನ್ನ ಹತ್ರ ಪೇಪರ್ಸ್ ಇಲ್ಲ."

ಸೌಜನ್ಯಾ ಬಾಯಿಗೆ ಕೈ ಇಟ್ಟುಕೊಂಡಳು. ಇಷ್ಟು ವರ್ಷ ನಗದು ಕೊಟ್ಟು ಕೆಲಸ ಮಾಡಿಸಿಕೊಂಡವರು ಅದನ್ನು ಕೇಳುವ ಗೋಜಿಗೇ ಹೋಗಿರಲಿಲ್ಲ. ಕೇಳದಿದ್ದರೇ ಅನುಕೂಲ.

ಒಮ್ಮೆ ಬಾಯಿಬಿಟ್ಟ ಮೇಲೆ ಲೋರ್ನಾಗೆ ಇನ್ನು ತಡೆಯಲಾಗಲಿಲ್ಲ. ಕೂತಲ್ಲಿಂದಲೇ ಮನೆಗೆ ವಿಡಿಯೋ ಕಾಲ್ ಮಾಡಿದಳು. ಅಲ್ಲಿ ಸಂಜೆಯಾಗಿತ್ತು. ರೊಮೆಲ್ ಫೋನ್ ಎತ್ತಿದ.

"ನಾಳೆ ಮಣ್ಣು ಮಾಡಿಬಿಡಿ. ನಾನು ಬರಲ್ಲ. ನನ್ನ ಪರ್ಮಿಟ್ ಯಾವತ್ತೋ ಮುಗಿದುಹೋಯ್ತು ಕಣೋ."

ರೊಮೆಲ್ ಇಸ್ಪೀಟು ಆಡುವವರನ್ನು ಬಿಟ್ಟು ಪೆಟ್ಟಿಗೆಯ ಬಳಿ ಬಂದ.

"ಗೊತ್ತು, ಆತೆ," ಎಂದ. ಅಕ್ಕನನ್ನು ಅವರು ಕರೆಯುವುದು ಹಾಗೆ. "ಅಮ್ಮಂಗೂ ಗೊತ್ತಿತ್ತು. ಪೇಪರ್ಸ್ ಇರೋ ಮಗಳು ಹನ್ನೊಂದು ವರ್ಷ ನನ್ನ ನೋಡ್ದೆ ಇರ್ತಾಳಾ ಅಂತಿದ್ಲು."

"ಮತ್ತೆ ಯಾಕೋ ಇಷ್ಟು ದಿನ ಕಾದ್ರಿ?"

"ಬರಬೇಡ ಅಂತ ನಾವೇ ಹೇಳಿದ್ರೆ, ನೀನು ಕಳಿಸೋ ದುಡ್ಡಿಗೋಸ್ಕರ ನಿನ್ನ ತಡೆದ್ವಿ ಅಂತ ಆಗ್ತಿತ್ತು. ಬರಲ್ಲ ಅನ್ನೋದು ಅವಳ ಬಾಯಿಂದಲೇ ಬರಲಿ, ಅಲ್ಲೀವರೆಗೆ ನನ್ನ ಹೂಳಬೇಡಿ ಅಂತ ಅಮ್ಮನೇ ಹೇಳಿಹೋಗಿದ್ಲು."

ಲೋರ್ನಾ ಆ ವಾರದಲ್ಲಿ ಮೊದಲ ಸಲ ಬಾಯಿಬಿಟ್ಟು ಅತ್ತಳು. ರೊಮೆಲ್ ಫೋನನ್ನು ಪೆಟ್ಟಿಗೆಯ ಮೇಲೆ ಹಿಡಿದ. ಅವಳು ಕಣ್ಣು ಒರೆಸಿಕೊಂಡು ತಾಯಿಯ ಮುಖವನ್ನು ತುಂಬ ಹೊತ್ತು ನೋಡಿದಳು.

"ಮುಚ್ಚಲಾ, ಆತೆ?"

"ಮುಚ್ಚು," ಎಂದಳು.