ನಲವತ್ತು ವಾಟ್

ಸಂಜೆ ನಾಲ್ಕಕ್ಕೆ ಮೇನ್ ಸ್ವಿಚ್ ಇಳಿಸಿದ ಮೇಲೂ ನಮ್ಮ ಶಾಲೆಯ ಮೀಟರ್ ನಿಲ್ಲುತ್ತಿರಲಿಲ್ಲ. ಯಾವುದೋ ನಲವತ್ತು ವಾಟ್ ಒಂದೇ ಸಮನೆ ಹರಿಯುತ್ತಿತ್ತು.

ಶಾಲೆಗಳ ನಡುವಿನ ಇಂಗಾಲ ಕಡಿತದ ಸ್ಪರ್ಧೆಗೆ ಇದು ಎರಡನೇ ವರ್ಷ. ಭೌತಶಾಸ್ತ್ರ ಕಲಿಸುವವಳೆಂದು ಲೆಕ್ಕ ನನ್ನ ತಲೆಗೇ ಬಿದ್ದಿತ್ತು. ಮೊದಲ ಸ್ಥಾನದ ಶಾಲೆ ನಮಗಿಂತ ಇಪ್ಪತ್ತು ಕಿಲೋ ಇಂಗಾಲದಷ್ಟು ಮುಂದಿತ್ತು. ಈ ನಲವತ್ತು ವಾಟ್ ನಿಲ್ಲಿಸಿದರೆ ಉಳಿದ ಒಂದು ತಿಂಗಳಲ್ಲಿ ಇಪ್ಪತ್ತಮೂರು ಕಿಲೋ ಇಳಿಯುತ್ತಿತ್ತು. ದೆವ್ವಕ್ಕೂ ಕರೆಂಟ್ ಬೇಕಾಯಿತೇ ಎಂದು ಹೆಡ್‌ಮಾಸ್ಟರ್ ನಕ್ಕರು. ನನಗೆ ನಗು ಬರಲಿಲ್ಲ. ಒಂದು ಕೋಣೆ ಬಿಟ್ಟು ಉಳಿದದ್ದೆಲ್ಲವನ್ನೂ ಜಾಲಾಡಿದ್ದೆ.

ಅದು ಜೀವಶಾಸ್ತ್ರದ ಮಾದರಿಗಳ ಕೋಣೆ. ಕಿಟಕಿಯಿಲ್ಲ. ಗಾಜಿನ ಜಾಡಿಗಳಲ್ಲಿ ಕಪ್ಪೆ, ಹಾವು, ಅವು ಕೊಳೆಯದಂತೆ ಕಾಯುವ ವಿಷದ ದ್ರವ ಫಾರ್ಮಲಿನ್. ಜೀವಶಾಸ್ತ್ರ ಕಲಿಸುತ್ತಿದ್ದವಳು ನನ್ನ ಅಕ್ಕ.

ನಮ್ಮಲ್ಲೊಂದು ಪದ್ಧತಿಯಿತ್ತು. ಅಟೆಂಡರ್ ಪ್ರತಿ ಕೋಣೆ ನೋಡಿ ಬಂದು, ‘ಎಲ್ಲ ಖಾಲಿ’ ಎಂದು ಕೂಗಬೇಕು. ಆಮೇಲೆ ನಾನು ಮೇನ್ ಇಳಿಸಬೇಕು. ಹೋದ ವರ್ಷ ಒಂದು ದಿನ ನಾನು ಕಾಯಲಿಲ್ಲ. ಹತ್ತು ನಿಮಿಷದ ಕರೆಂಟ್ ಉಳಿಯಲಿ ಎಂದು ನಾಲ್ಕು ಹೊಡೆದ ತಕ್ಷಣ ಇಳಿಸಿಬಿಟ್ಟೆ. ಒಳಗೆ ಕಗ್ಗತ್ತಲಾಗಿ ಅಕ್ಕನ ಕೈಯಿಂದ ಜಾಡಿ ಜಾರಿ ಒಡೆಯಿತು. ವಿಷದ ಆವಿ ಹೊರದೂಡುವ ಫ್ಯಾನ್ ನಿಂತಿತ್ತು. ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದಳು, ಒಂದು ಮಾತೂ ಆಡದೆ ಹೋದಳು.

ಆವತ್ತು ಅವಳನ್ನು ಕೋಣೆಯಿಂದ ಹೊರಗೆ ತಂದ ಮೇಲೆ ಮೇನ್ ಎತ್ತಿದವಳೂ ನಾನೇ. ಎತ್ತಿದ್ದೇ ತಡ, ಆ ಖಾಲಿ ಕೋಣೆಯಲ್ಲಿ ಫ್ಯಾನ್ ತಾನಾಗಿ ತಿರುಗತೊಡಗಿತು. ಕೇಳಿಸಿಕೊಂಡವಳು ನಾನೊಬ್ಬಳೇ.

ಅವಳು ಫ್ಯಾನ್ ಹಾಕಿಕೊಂಡಿರಲಿಲ್ಲ ಎಂದು ಎಲ್ಲರೂ ನಂಬಿದರು. ಅವಳ ಮಗಳ ಎದುರಿಗೇ ಅಮ್ಮ, “ಮೊದಲಿಂದ್ಲೂ ಮರೆಗುಳಿ ಅವಳು, ಒಲೆ ಆರಿಸೋದೂ ಮರೀತಿದ್ಲು” ಎಂದಾಗ ನಾನು ತಟ್ಟೆ ನೋಡುತ್ತ ಕುಳಿತಿದ್ದೆ.

ಶನಿವಾರ ಮಧ್ಯಾಹ್ನ ಆ ಬಾಗಿಲು ತೆರೆದೆ. ಫ್ಯಾನ್ ತಿರುಗುತ್ತಿತ್ತು. ಗೋಡೆಯ ಸ್ವಿಚ್ ಆಫ್ ಆಗಿತ್ತು. ಮೇನ್ ಇಳಿಸಿ ಬಂದೆ, ಆಗಲೂ ತಿರುಗುತ್ತಿತ್ತು. ಜಾಡಿಗಳ ಮೇಲೆ ಒಂದು ಚೂರೂ ಧೂಳಿರಲಿಲ್ಲ.

ಹಿಂದೆ ಕೆಮ್ಮು ಕೇಳಿಸಿತು. ಅಟೆಂಡರ್, ಕೈಯಲ್ಲಿ ಒರೆಸುವ ಬಟ್ಟೆ. ಮೀಟರಿಗೂ ಮೇನಿಗೂ ನಡುವಿನಿಂದ ತಾನೇ ಈ ಫ್ಯಾನಿಗೆ ಬೇರೆ ತಂತಿ ಎಳೆದಿದ್ದೇನೆಂದು ಒಪ್ಪಿಕೊಂಡ.

“ಇನ್ನು ಯಾರು ಮೇನ್ ತೆಗೆದ್ರೂ ಇದು ನಿಲ್ಲಬಾರ್ದು ಮೇಡಂ. ದೊಡ್ಡ ಮೇಡಂ ಇನ್ನೂ ಒಳಗೇ ಇದ್ದಾರೆ ಅನ್ಸುತ್ತೆ. ಉಸಿರಾಡ್ಲಿ ಪಾಪ.” ಫ್ಯಾನಿನತ್ತ ನೋಡುತ್ತ ಹೇಳಿದ: “ಆವತ್ತು ಈ ಕೋಣೆ ನೋಡ್ದೇನೇ ಖಾಲಿ ಅಂತ ಕೂಗ್ಬಿಟ್ಟೆ. ನಾನು ಕೂಗಿದ್ಕೆ ತಾನೇ ನೀವು ಇಳ್ಸಿದ್ದು?”

ಒಂದು ವರ್ಷದಿಂದ ನನ್ನ ಪಾಪವನ್ನು ಅವನು ಹೊತ್ತಿದ್ದ.

“ನೀವು ಕೂಗೋ ಹತ್ತು ನಿಮಿಷ ಮುಂಚೇನೇ ಇಳಿಸಿದ್ದೆ” ಎಂದೆ.

ಅವನು ನನ್ನ ಮುಖವನ್ನೇ ನೋಡಿದ. ಬೈಯುತ್ತಾನೆಂದುಕೊಂಡೆ. ಬೈಯಲಿಲ್ಲ, ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಸ್ಟೂಲಿನ ಮೇಲಿಟ್ಟ.

“ಅವ್ರ ಮಗೂಗೆ ಹೇಳಿದ್ದೀರಾ?”

ಫ್ಯಾನನ್ನು ಹಾಗೆಯೇ ಬಿಟ್ಟು ಮನೆಗೆ ಹೊರಟೆ. ದಾರಿಯುದ್ದಕ್ಕೂ ಅದರ ಸದ್ದು ಕಿವಿಯಲ್ಲಿತ್ತು.

ಬಾಗಿಲು ತೆಗೆದವಳು ಅಕ್ಕನ ಮಗಳು. ಚಿಕ್ಕಮ್ಮ ಯಾಕೆ ಇಷ್ಟು ಬೇಗ ಬಂದಳೆಂದು ಅವಳಿಗೆ ಆಶ್ಚರ್ಯ. ಚಪ್ಪಲಿ ಬಿಡುವ ಮೊದಲೇ ಹೇಳಿದೆ:

“ನಿಮ್ಮಮ್ಮ ಫ್ಯಾನ್ ಹಾಕಿದ್ಲು ಕಣೆ. ನಿಲ್ಲಿಸಿದ್ದು ನಾನು.”